ವರದಿಯಲ್ಲಿ ‘ಅನಿಶ್ಚಿತ’ ಎಂದಿದೆ, ಮನೆಯಲ್ಲಿ ತೀರ್ಪು ಮುಗಿದಿದೆ

ಪ್ರಶ್ನೆ: ಮೇಡಂ, ನಮ್ಮದು ಕನಕಪುರದ ಹತ್ತಿರ ಒಂದು ಹಳ್ಳಿ. ರೇಷ್ಮೆ ಬೆಳೆಯುತ್ತೇವೆ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕುತ್ತೇವೆ. ನನಗೆ 26 ವರ್ಷ. ನನ್ನ ಮದುವೆ ಆಗಿದ್ದು ಸೋದರಮಾವನ ಜೊತೆ, ನನ್ನ ತಾಯಿಯ ಕೊನೆಯ ತಮ್ಮ. ನಮ್ಮ ಮಗನಿಗೆ ಎರಡೂವರೆ ವರ್ಷ. ಕುತ್ತಿಗೆ ನಿಂತಿದ್ದೂ ತಡ, ಕೂತಿದ್ದೂ ತಡ, ಇನ್ನೂ ನಡೆಯುವುದಿಲ್ಲ. ಎರಡು ಸಲ ಫಿಟ್ಸ್ ಬಂದಿದೆ. ಬೆಂಗಳೂರಿನ ಡಾಕ್ಟರು ಜೀನ್ ಪರೀಕ್ಷೆ ಮಾಡಿಸಿ ಅಂದರು. ಗೂಡು ಮಾರಿದ ದುಡ್ಡಿನ ಜೊತೆ ಕೈಸಾಲ ಸೇರಿಸಿ ಮಾಡಿಸಿದೆವು. ಒಂದು ಕಿಣ್ವಕ್ಕೆ ಸಂಬಂಧಪಟ್ಟ ಜೀನಿನಲ್ಲಿ ಬದಲಾವಣೆ ಇದೆ, ತಂದೆ ತಾಯಿ ಇಬ್ಬರಿಂದಲೂ ಬಂದಿದೆ, ಆದರೆ ಅದರ ಪರಿಣಾಮ ಅನಿಶ್ಚಿತ ಎಂದು ವರದಿ ಬಂತು. ಡಾಕ್ಟರು ಐದು ನಿಮಿಷ ಮಾತಾಡಿ, ಇನ್ನೂ ನೋಡಬೇಕು ಅಂದರು.

ನನ್ನ ತಮ್ಮ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿಯೆಲ್ಲ ಕೂತು ಕ್ಲಿನ್‌ವಾರ್, ನೊಮ್ಯಾಡ್ ಅಂತ ಹುಡುಕಿದ. ನೊಮ್ಯಾಡ್‌ನಲ್ಲಿ ಎಂಟು ಲಕ್ಷ ಜನರಿದ್ದಾರಂತೆ, ಒಬ್ಬರಲ್ಲೂ ಈ ಬದಲಾವಣೆ ಇಲ್ಲವಂತೆ. ಇನ್ನೊಂದು ಟೂಲ್‌ನಲ್ಲಿ ‘ಹಾನಿಕರ’ ಎಂದು ಬಂತಂತೆ, ಕ್ಯಾಡ್ ಅಂಕ 27 ಅಂತೆ. ‘ಅಕ್ಕಾ, ಇದೇ ಕಾಯಿಲೆ, ಡಾಕ್ಟರು ಹೇಳೋಕೆ ಹಿಂಜರೀತಿದಾರೆ’ ಅಂದ. ವರದಿಯನ್ನು ನಮ್ಮ ನೆಂಟರ ವಾಟ್ಸಾಪ್ ಗುಂಪಿಗೂ ಹಾಕಿಬಿಟ್ಟ. ನನ್ನ ಅತ್ತೆ, ಅಂದರೆ ನನ್ನ ಸ್ವಂತ ಅಜ್ಜಿ, ‘ನಮ್ಮ ಮನೆತನದಲ್ಲಿ ಇಂಥದ್ದು ಇರಲಿಲ್ಲ, ನಿಮ್ಮಪ್ಪನ ಕಡೆಯಿಂದ ಬಂದಿದ್ದು’ ಎನ್ನುತ್ತಿದ್ದಾರೆ. ನನ್ನ ತಂಗಿಗೆ ಮಾಗಡಿ ಕಡೆಯ ಸಂಬಂಧ ಗೊತ್ತಾಗಿತ್ತು, ಹುಡುಗ ನಮಗೆ ನೆಂಟನಲ್ಲ. ಈಗ ಅವರು ಹುಡುಗಿಗೂ ಪರೀಕ್ಷೆ ಮಾಡಿಸಿ ಅನ್ನುತ್ತಿದ್ದಾರೆ. ನಾನೀಗ ಮತ್ತೆ ಎರಡೂವರೆ ತಿಂಗಳ ಗರ್ಭಿಣಿ. ತೆಗೆಸಿಬಿಡು ಅನ್ನುವವರೇ ಜಾಸ್ತಿ. ವರದಿಯ ಪ್ರತಿ, ತಮ್ಮ ತೆಗೆದ ಸ್ಕ್ರೀನ್‌ಶಾಟ್ ಎಲ್ಲ ಕಳಿಸಿದ್ದೇನೆ. ನಾನು ಏನು ಮಾಡಲಿ?

ಉತ್ತರ: ಹೊಟ್ಟೆಯಲ್ಲಿರುವ ಮಗುವಿನ ವಿಷಯವನ್ನು ಮೊದಲು ಹೇಳುತ್ತೇನೆ. ನಿಮ್ಮ ಪ್ರಶ್ನೆಗಳಲ್ಲಿ ಕಾಲದ ಗಡುವು ಇರುವುದು ಅದೊಂದಕ್ಕೇ. ಈಗ ಕೈಯಲ್ಲಿರುವ ವರದಿಯನ್ನು ನಂಬಿ ಗರ್ಭ ತೆಗೆಸಬೇಡಿ. ಅನಿಶ್ಚಿತ ಎಂದು ಬರೆದಿರುವ ಬದಲಾವಣೆಯನ್ನು ಆಧಾರವಾಗಿಟ್ಟುಕೊಂಡು ಗರ್ಭದ ಬಗ್ಗೆ ತೀರ್ಮಾನ ಮಾಡಬಾರದು ಎಂಬುದು ಜೆನೆಟಿಕ್ಸ್ ವೈದ್ಯರೆಲ್ಲ ಪಾಲಿಸುವ ನಿಯಮ. ನಿಮಗೆ ಸಮಯವೂ ಇದೆ. ಗರ್ಭನೀರಿನ ಪರೀಕ್ಷೆ ಮಾಡುವುದೇ 16 ವಾರ ತುಂಬಿದ ಮೇಲೆ. 2021ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ಮಗುವಿಗೆ ಗಂಭೀರ ತೊಂದರೆಯ ಅಪಾಯವಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. ಅದಕ್ಕೆ ಬೇಕಾದ ಒಪ್ಪಿಗೆ ನಿಮ್ಮದೊಂದೇ. ಅತ್ತೆಯದಲ್ಲ, ಗಂಡನದಲ್ಲ, ವಾಟ್ಸಾಪ್ ಗುಂಪಿನದಂತೂ ಅಲ್ಲವೇ ಅಲ್ಲ. ಹಾಗೆಂದು ಸುಮ್ಮನೆ ಕೂರುವಂತೆಯೂ ಇಲ್ಲ. ಮುಂದಿನ ನಾಲ್ಕೈದು ವಾರದಲ್ಲಿ ಆಗಬೇಕಾದ ಕೆಲಸಗಳಿವೆ, ಅವನ್ನು ಕೆಳಗೆ ಹೇಳುತ್ತೇನೆ.

ಅದಕ್ಕೂ ಮುಂಚೆ ನಿಮ್ಮ ತಮ್ಮ ಹುಡುಕಿದ್ದನ್ನು ನೋಡೋಣ, ಏಕೆಂದರೆ ಮನೆಯ ಗಲಾಟೆಯೆಲ್ಲ ಹೊತ್ತಿಕೊಂಡಿದ್ದು ಅಲ್ಲಿಂದ. ವರದಿಯನ್ನೂ ಸ್ಕ್ರೀನ್‌ಶಾಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ವರದಿಯ ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಜಿಆರ್‌ಸಿಎಚ್ 37 ಎಂದಿದೆ. ಸ್ಕ್ರೀನ್‌ಶಾಟಿನ ಮೇಲ್ಭಾಗದಲ್ಲಿ ಜಿಆರ್‌ಸಿಎಚ್ 38 ಎಂದಿದೆ. ಮನುಷ್ಯನ ಜೀನೋಮ್ ಎಂದರೆ ಸುಮಾರು 300 ಕೋಟಿ ಅಕ್ಷರಗಳ ಸಾಲು. ಯಾವ ಅಕ್ಷರ ಎಷ್ಟನೆಯದು ಎಂದು ಎಣಿಸಲು ಒಂದು ಮಾದರಿ ಸಾಲನ್ನು ಇಟ್ಟುಕೊಂಡಿದ್ದಾರೆ. 37 ಎಂಬುದು 2009ರ ಮಾದರಿ, 38 ಎಂಬುದು 2013ರದ್ದು. ಹೊಸದರಲ್ಲಿ ಬಿಟ್ಟುಹೋದ ತುಣುಕುಗಳನ್ನು ಸೇರಿಸಿ, ತಪ್ಪಾಗಿ ಕೂತಿದ್ದವನ್ನು ಸರಿಪಡಿಸಿದ್ದರಿಂದ ಎಣಿಕೆ ಮುಂದಕ್ಕೋ ಹಿಂದಕ್ಕೋ ಸರಿದಿದೆ. ಅದೇ ಅಕ್ಷರಕ್ಕೆ ಈಗ ಬೇರೆ ಸಂಖ್ಯೆ. ನಮ್ಮ ಎಷ್ಟೋ ಲ್ಯಾಬುಗಳು ಇನ್ನೂ ಹಳೆಯ ಎಣಿಕೆಯಲ್ಲೇ ವರದಿ ಕೊಡುತ್ತವೆ. ಯಾವ ಬದಲಾವಣೆ ಎಷ್ಟು ಜನರಲ್ಲಿದೆ ಎಂದು ತೋರಿಸುವ ನೊಮ್ಯಾಡ್ ಪಟ್ಟಿಯ 2023ರ ನವೆಂಬರಿನ ನಾಲ್ಕನೇ ಆವೃತ್ತಿ ಹೊಸ ಎಣಿಕೆಯದು. ಹಳೆಯ ಸಂಖ್ಯೆಯನ್ನು ಹೊಸದರಲ್ಲಿ ಹಾಕಿದಾಗ ಹುಡುಗ ಹೋಗಿ ನಿಂತದ್ದು ಬೇರೆಯೇ ಜಾಗದಲ್ಲಿ. ಅಲ್ಲಿ ಯಾರಲ್ಲೂ ಆ ಬದಲಾವಣೆ ಇಲ್ಲ ಎಂದು ಬರದೆ ಇನ್ನೇನು ಬಂದೀತು?

ನೊಮ್ಯಾಡ್‌ನ ಎರಡನೇ ಆವೃತ್ತಿ ಹಳೆಯ ಎಣಿಕೆಯಲ್ಲಿದೆ. ಅದನ್ನೂ ಅದೇ ಜಾಲತಾಣದಲ್ಲಿ ಆರಿಸಿಕೊಳ್ಳಬಹುದು. ಅಲ್ಲಿ ನೋಡಿದರೆ ನಿಮ್ಮ ಮಗನ ಬದಲಾವಣೆ ಇದೆ, ಬೆರಳೆಣಿಕೆಯ ಜನರಲ್ಲಿ, ಅವರೆಲ್ಲ ದಕ್ಷಿಣ ಏಷ್ಯಾದವರ ಸಾಲಿನಲ್ಲಿ. ಜೀನಿನ ಎರಡು ಪ್ರತಿಗಳಲ್ಲಿ, ಅಂದರೆ ತಂದೆಯಿಂದ ಬಂದದ್ದು ಮತ್ತು ತಾಯಿಯಿಂದ ಬಂದದ್ದರಲ್ಲಿ, ಎಲ್ಲರಿಗೂ ಬದಲಾಗಿರುವುದು ಒಂದೇ. ಎರಡೂ ಪ್ರತಿ ಬದಲಾದವರು ಒಬ್ಬರೂ ಇಲ್ಲ.

ಇದನ್ನು ಓದಿ ನೆಮ್ಮದಿಪಡುವಂತೆಯೂ ಇಲ್ಲ, ಎದೆಗುಂದುವಂತೆಯೂ ಇಲ್ಲ. ಬಾಲ್ಯದಲ್ಲೇ ಕಾಣಿಸಿಕೊಳ್ಳುವ ಗಂಭೀರ ಕಾಯಿಲೆಗೆ ಒಂದು ಬದಲಾವಣೆಯೇ ಕಾರಣವಾಗಿದ್ದರೆ, ಎರಡೂ ಪ್ರತಿ ಬದಲಾಗಿಯೂ ಚೆನ್ನಾಗಿರುವ ದೊಡ್ಡವರು ಈ ಪಟ್ಟಿಯಲ್ಲಿ ಸಿಗಬಾರದು. ನಾಲ್ಕೈದು ಜನ ಅಂಥವರು ಸಿಕ್ಕಿದ್ದರೆ ಆ ಬದಲಾವಣೆಯ ಮೇಲಿನ ಅನುಮಾನವನ್ನು ಬಿಟ್ಟುಬಿಡಬಹುದಿತ್ತು. ನಿಮ್ಮ ತಮ್ಮ ಇನ್ನು ಮುಂದೆ ಏನನ್ನೇ ಹುಡುಕಿದರೂ ಮೊದಲು ಎಣಿಕೆ ಯಾವುದೆಂದು ನೋಡಲಿ, ಆಮೇಲೆ ಎರಡೂ ಪ್ರತಿ ಬದಲಾದವರನ್ನು ಎಣಿಸುವ ಹೋಮೋಜೈಗೋಟ್ ಎಂಬ ಕಾಲಮ್ಮನ್ನು ನೋಡಲಿ. ‘ಇದೆ’, ‘ಇಲ್ಲ’ ಎಂಬುದಕ್ಕಿಂತ ಆ ಕಾಲಮ್ಮು ಹೆಚ್ಚು ಹೇಳುತ್ತದೆ. ನಿಮ್ಮ ಮಗನ ಮಟ್ಟಿಗೆ ಅಲ್ಲಿ ಸೊನ್ನೆಯಿದೆ. ಆದರೆ ಬದಲಾವಣೆಯೇ ಅಷ್ಟು ವಿರಳವಾದಾಗ ಸೊನ್ನೆ ಇರುವುದು ಸಹಜ. ಹಾಗಾಗಿ ಅದು ಯಾವ ಕಡೆಗೂ ಸಾಕ್ಷಿ ಹೇಳುವುದಿಲ್ಲ.

ಇನ್ನು ಆ ಎಂಟು ಲಕ್ಷ ಜನ ಯಾರು? ನೊಮ್ಯಾಡ್‌ನ ನಾಲ್ಕನೇ ಆವೃತ್ತಿಯಲ್ಲಿ 8,07,162 ಜನರ ಮಾಹಿತಿಯಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಿಂದ ಬಂದವರು. ದಕ್ಷಿಣ ಏಷ್ಯಾದವರು ಸುಮಾರು 45 ಸಾವಿರ, ಎಲ್ಲರೂ ಒಂದೇ ಸಾಲಿನಲ್ಲಿ. ಪೇಶಾವರದವರೂ ಅದೇ, ಚನ್ನಪಟ್ಟಣದವರೂ ಅದೇ. ಆದರೆ ನಮ್ಮಲ್ಲಿ ಹೆಣ್ಣು ಕೊಟ್ಟು ತರುವುದು ಎಷ್ಟೋ ತಲೆಮಾರಿನಿಂದ ಒಳಪಂಗಡದೊಳಗೇ ನಡೆದಿದೆ. ಒಂದು ಪಂಗಡದಲ್ಲಿ ನೂರಕ್ಕೆ ಇಬ್ಬರಲ್ಲಿ ಇರುವ ಬದಲಾವಣೆ ಪಕ್ಕದ ಪಂಗಡದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರಬಹುದು. 2017ರಲ್ಲಿ ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡ ದಕ್ಷಿಣ ಏಷ್ಯಾದ 263 ಪಂಗಡಗಳನ್ನು ನೋಡಿತು. ಕೆಲವೇ ಪೂರ್ವಜರಿಂದ ಹಬ್ಬಿದ ಗುರುತು ಅವುಗಳಲ್ಲಿ 81 ಪಂಗಡಗಳಲ್ಲಿ ಎಷ್ಟು ಬಲವಾಗಿತ್ತೆಂದರೆ, ಇದಕ್ಕೆ ಹೆಸರಾದ ಫಿನ್ಲೆಂಡಿನವರನ್ನೂ ಅಶ್ಕೆನಾಜಿ ಯಹೂದಿಗಳನ್ನೂ ಮೀರಿಸಿತ್ತು. ಸಂಬಂಧದೊಳಗೆ ಮದುವೆಯಾಗದ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ಹೊರಗಿನವರ ಪಟ್ಟಿಯನ್ನು ನಂಬಿ ತೀರ್ಮಾನ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನಿದರ್ಶನವಿದೆ. ಹೃದಯದ ಸ್ನಾಯು ದಪ್ಪವಾಗುವ ಒಂದು ಕಾಯಿಲೆಗೆ ಕಾರಣವೆಂದು ಕೆಲವು ಬದಲಾವಣೆಗಳನ್ನು ಹೆಸರಿಸಿ, ಕಪ್ಪು ಜನರ ಕುಟುಂಬಗಳಿಗೆ ಹಾಗೆಂದೇ ವರದಿ ಕೊಟ್ಟಿದ್ದರು. ಅವು ಕಪ್ಪು ಜನರಲ್ಲಿ ಸಾಮಾನ್ಯ, ನಿರಪಾಯ ಎಂದು 2016ರಲ್ಲಿ ಒಂದು ಸಂಶೋಧನೆ ತೋರಿಸಿತು. ಹೋಲಿಕೆಗೆ ಇಟ್ಟುಕೊಂಡವರಲ್ಲಿ ಕಪ್ಪು ಜನ ಬೆರಳೆಣಿಕೆಯಷ್ಟಾದರೂ ಇದ್ದಿದ್ದರೆ ಆ ತಪ್ಪೇ ಆಗುತ್ತಿರಲಿಲ್ಲ ಎಂದೂ ಹೇಳಿತು. ನಮ್ಮವರದೇ ಇನ್ನೊಂದು ಉದಾಹರಣೆ ಇದೆ. ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋದ ಒಂದು ಬದಲಾವಣೆ ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಇದೆ, ಅದು ಹೃದಯಕ್ಕೆ ಅಪಾಯ ತರಬಲ್ಲದು ಎಂದು 2009ರಲ್ಲಿ ಭಾರತದ ವಿಜ್ಞಾನಿಗಳೇ ಮುಂದಾಗಿ ತೋರಿಸಿದರು. ಅದನ್ನು ಹೊತ್ತ ಬಹಳಷ್ಟು ಜನ ಏನೂ ತೊಂದರೆಯಿಲ್ಲದೆ ಬಾಳುತ್ತಾರೆ ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಯುರೋಪಿನವರ ಪಟ್ಟಿಯನ್ನಷ್ಟೇ ಹುಡುಕಿದ್ದರೆ ಅದೂ ‘ಎಲ್ಲೂ ಇಲ್ಲದ’ ಬದಲಾವಣೆಯಾಗಿಯೇ ಕಾಣುತ್ತಿತ್ತು.

ಈ ಕೊರತೆ ತುಂಬುವ ಕೆಲಸ ಇತ್ತೀಚೆಗೆ ಚುರುಕಾಗಿದೆ. ಸಿಎಸ್‌ಐಆರ್‌ನ ಇಂಡಿಜೆನ್ ಯೋಜನೆ 2019ರಲ್ಲಿ ಶುರುವಾಗಿ 1,029 ಭಾರತೀಯರ ಇಡೀ ಜೀನೋಮನ್ನು ಓದಿತು. ಸಿಕ್ಕ ಸುಮಾರು 5.59 ಕೋಟಿ ವ್ಯತ್ಯಾಸಗಳಲ್ಲಿ ನೂರಕ್ಕೆ 32ರಷ್ಟು ಜಗತ್ತಿನ ದೊಡ್ಡ ಪಟ್ಟಿಗಳಲ್ಲಿ ಅಲ್ಲಿಯವರೆಗೆ ಇರಲೇ ಇಲ್ಲ. ಸಾವಿರ ಜನರನ್ನು ಓದಿದ್ದಕ್ಕೇ ಇಷ್ಟು! ಇಂಡಿಜೀನೋಮ್ಸ್ ಎಂಬ ಆ ತಾಣ ಎಲ್ಲರಿಗೂ ತೆರೆದಿದೆ, ನಿಮ್ಮ ತಮ್ಮ ಅಲ್ಲೂ ನೋಡಬಹುದು. ಇದಕ್ಕಿಂತ ದೊಡ್ಡದು ಜೀನೋಮ್ ಇಂಡಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವೇ ಅದರ ಮುಂದಾಳು. 83 ಪಂಗಡಗಳ ಸುಮಾರು 10 ಸಾವಿರ ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಅದನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ಒದಗಿಸಿದರು. ಅದನ್ನು ಬಳಸಲು ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಮೊಬೈಲಿನಲ್ಲಿ ಹುಡುಕಿ ತೆಗೆಯುವಂಥದ್ದಲ್ಲ. ನಿಮ್ಮ ವೈದ್ಯರನ್ನು ಕೇಳುವಾಗ ಈ ಹೆಸರು ನೆನಪಿರಲಿ.

ಈಗ ಕ್ಯಾಡ್ ಅಂಕ 27ರ ವಿಷಯ. ಹುಡುಗ ಇದನ್ನು ಪರೀಕ್ಷೆಯ ಮಾರ್ಕ್ಸ್‌ನಂತೆ ಓದಿದ್ದಾನೆ. ಜೀನೋಮಿನಲ್ಲಿ ಆಗಬಹುದಾದ ಒಂದಕ್ಷರದ ಬದಲಾವಣೆಗಳನ್ನೆಲ್ಲ ಕೆಟ್ಟದ್ದರಿಂದ ಒಳ್ಳೆಯದರವರೆಗೆ ಸಾಲಾಗಿ ನಿಲ್ಲಿಸಿದರೆ, ಇದು ಮೇಲಿನ ಸಾವಿರಕ್ಕೆ ಎರಡರ ಪಾಲಿನೊಳಗೆ ಬರುತ್ತದೆ ಎಂದಷ್ಟೇ ಅದರ ಅರ್ಥ. ಆಗಬಹುದಾದ ಬದಲಾವಣೆಗಳು ಸುಮಾರು 900 ಕೋಟಿ. ಹಾಗಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂಕ ಪಡೆಯುವ ಬದಲಾವಣೆಗಳೇ ಒಂದು ಕೋಟಿಗೂ ಮೀರಿ ಇವೆ. ಆರೋಗ್ಯವಾಗಿರುವ ನಿಮ್ಮಲ್ಲೂ ನನ್ನಲ್ಲೂ ಅಂಥವು ಹತ್ತಾರು ಸಿಗುತ್ತವೆ. ಸಿಫ್ಟ್, ಪಾಲಿಫೆನ್, 2023ರಲ್ಲಿ ಬಂದ ಆಲ್ಫಾಮಿಸೆನ್ಸ್, ಇವೆಲ್ಲ ಮಾಡುವುದೂ ಅಂದಾಜನ್ನೇ. ನಿಮ್ಮ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ರೀಲರು ಗೂಡನ್ನು ಕೈಗೆತ್ತಿಕೊಂಡು, ಅದುಮಿ ನೋಡಿ ದರ ಹಾಕುತ್ತಾರೆ. ಅನುಭವಸ್ಥರ ಅಂದಾಜು ಬಹಳ ಸಲ ಸರಿಯೇ ಇರುತ್ತದೆ. ಆದರೆ ಆ ಲಾಟಿನಲ್ಲಿ ಎಷ್ಟು ನೂಲಿತ್ತು ಎಂಬುದು ಗೂಡು ಬೇಯಿಸಿ, ಎಳೆ ಬಿಚ್ಚಿದ ಮೇಲೇ ತಿಳಿಯುವುದು.

ಕ್ಲಿನ್‌ವಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ನಡೆಸುವ ತಾಣ. ಯಾವ ಬದಲಾವಣೆಯ ಬಗ್ಗೆ ಯಾವ ಲ್ಯಾಬು ಏನು ತೀರ್ಮಾನಿಸಿತು ಎಂದು ಲ್ಯಾಬಿನವರೇ ಅಲ್ಲಿ ನಮೂದಿಸುತ್ತಾರೆ. ತಾಣ ತಾನಾಗಿ ತೀರ್ಪು ಕೊಡುವುದಿಲ್ಲ. ಸೊನ್ನೆಯಿಂದ ನಾಲ್ಕರವರೆಗೆ ನಕ್ಷತ್ರಗಳಿರುತ್ತವೆ. ತಜ್ಞರ ಸಮಿತಿ ಕೂತು ನೋಡಿದ್ದರೆ ಮೂರು. ನಿಮ್ಮ ಮಗನ ಬದಲಾವಣೆಗೆ ಇರುವುದು ಒಂದೇ ಲ್ಯಾಬಿನ ನಮೂದು, ಒಂದೇ ನಕ್ಷತ್ರ, ಅವರು ಬರೆದಿರುವುದೂ ‘ಅನಿಶ್ಚಿತ’ ಎಂದೇ. ನಿಮ್ಮ ಡಾಕ್ಟರು ಏನನ್ನೂ ಮುಚ್ಚಿಟ್ಟಿಲ್ಲ. ಐದೇ ನಿಮಿಷದಲ್ಲಿ ಮುಗಿಸಿದ್ದು ಬೇಸರದ ಸಂಗತಿ, ಇಂಥ ವರದಿಯನ್ನು ಕೈಗೆ ಕೊಡುವಾಗ ಅರ್ಧ ಗಂಟೆಯಾದರೂ ಕೂತು ಮಾತಾಡಬೇಕು. ಆದರೆ ಅವರು ಹೇಳಿದ ಮಾತು ಸರಿಯಾದದ್ದೇ.

ಇನ್ನೊಂದು ಕಾರಣಕ್ಕೂ ಆತುರ ಬೇಡ ಎನ್ನುತ್ತೇನೆ. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ, ಮಗುವಿನ ಜೀನೋಮಿನ ಸುಮಾರು ಎಂಟನೇ ಒಂದು ಪಾಲು ತಂದೆಯಿಂದಲೂ ತಾಯಿಯಿಂದಲೂ ಒಂದೇ ಆಗಿ ಬಂದಿರುತ್ತದೆ. ಅಷ್ಟು ಅಗಲದ ಜಾಗದಲ್ಲಿ ವಿರಳ ಬದಲಾವಣೆಗಳು ಜೋಡಿಯಾಗಿ ಕಾಣುವುದು ಸಹಜ, ಅವುಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ‘ಇಬ್ಬರಿಂದಲೂ ಬಂದಿದೆ’ ಎಂಬ ಕಾರಣಕ್ಕೇ ಅದು ಕಾಯಿಲೆಯ ಮೂಲ ಎಂದು ಹೇಳಲಾಗದು. ಸಂಬಂಧದಲ್ಲಿ ಮದುವೆಯಾದರೆ ಇಂಥ ಕಾಯಿಲೆಗಳ ಅಪಾಯ ಹೆಚ್ಚುವುದು ನಿಜ, ಅದನ್ನು ಮರೆಮಾಚುವುದಿಲ್ಲ. ಆದರೆ ಆ ಪದ್ಧತಿ ನಿಮ್ಮೊಬ್ಬರ ಮನೆಯದಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಲಕ್ಷದಷ್ಟು ಮಕ್ಕಳನ್ನು ಪರೀಕ್ಷಿಸಿದಾಗ, ಮೂರರಲ್ಲಿ ಒಂದರಷ್ಟು ದಂಪತಿಗಳು ಸಂಬಂಧದೊಳಗೇ ಮದುವೆಯಾದವರಾಗಿದ್ದರು.

ಆ ಕೆಲಸವನ್ನು ನೆನೆಯಲು ಇನ್ನೊಂದು ಕಾರಣವೂ ಇದೆ. ಅವರ ಬಳಿ ಜೀನೋಮ್ ಓದುವ ಯಂತ್ರವೂ ಇರಲಿಲ್ಲ, ನೊಮ್ಯಾಡೂ ಇರಲಿಲ್ಲ. ಎಳೆಮಕ್ಕಳ ರಕ್ತದ ಹನಿಯಲ್ಲಿ ಯಾವ ಅಮೈನೋ ಆಮ್ಲ ಹೆಚ್ಚಾಗಿದೆ ಎಂದು ನೋಡಿಯೇ ದೋಷವನ್ನು ಗುರುತಿಸಿದರು. ನಿಮ್ಮ ಮಗನಿಗೂ ಈಗ ಬೇಕಾಗಿರುವುದು ಅಂಥದೇ ನೇರ ಪರೀಕ್ಷೆ. ವರದಿಯಲ್ಲಿರುವ ಜೀನು ಒಂದು ಕಿಣ್ವವನ್ನು ತಯಾರಿಸುತ್ತದೆ. ಆ ಕಿಣ್ವ ಕೆಲಸ ಮಾಡುತ್ತಿಲ್ಲವಾದರೆ ರಕ್ತದಲ್ಲೋ ಮೂತ್ರದಲ್ಲೋ ಅದರ ಗುರುತು ಸಿಗಬೇಕು. ಸಿಕ್ಕರೆ ‘ಅನಿಶ್ಚಿತ’ ಎಂಬುದು ‘ಬಹುಶಃ ರೋಗಕಾರಕ’ ಎಂಬಲ್ಲಿಗೆ ಏರಬಹುದು. ಕಿಣ್ವ ಸರಿಯಾಗಿಯೇ ಇದ್ದರೆ ಈ ಬದಲಾವಣೆಯ ಮೇಲಿನ ಅನುಮಾನ ಬಹಳ ಮಟ್ಟಿಗೆ ತಗ್ಗುತ್ತದೆ, ವೈದ್ಯರು ಕಾರಣವನ್ನು ಬೇರೆ ಕಡೆ ಹುಡುಕುತ್ತಾರೆ. ಈ ಗುಂಪಿನ ಕೆಲವು ಕಾಯಿಲೆಗಳಿಗೆ ಪಥ್ಯ, ವಿಟಮಿನ್, ಔಷಧದ ಚಿಕಿತ್ಸೆ ಇದೆ, ಬೇಗ ಶುರುವಾದಷ್ಟೂ ಲಾಭ. ಜೀನ್ ವರದಿ ಏನೇ ಹೇಳಲಿ, ಈ ಪರೀಕ್ಷೆಯನ್ನು ಮುಂದೆ ಹಾಕಬೇಡಿ. ಜೊತೆಗೆ ನಿಮ್ಮಿಬ್ಬರ ರಕ್ತದಲ್ಲಿ ಆ ಒಂದು ಬದಲಾವಣೆಯನ್ನು ಮಾತ್ರ ನೋಡುವ ಪರೀಕ್ಷೆ ಮಾಡಿಸಿ, ಅದಕ್ಕೆ ಮಗನಿಗೆ ಆದಷ್ಟು ಖರ್ಚಿಲ್ಲ. ವರದಿಯಲ್ಲಿ ‘ಇಬ್ಬರಿಂದಲೂ ಬಂದಿದೆ’ ಎಂದಿರುವುದು ಸದ್ಯಕ್ಕೆ ಮಗುವಿನ ರಕ್ತವೊಂದನ್ನೇ ನೋಡಿ ಊಹಿಸಿದ್ದು.

ಈ ಎರಡು ಫಲಿತಾಂಶ ಬಂದ ಮೇಲೆ ಗರ್ಭದ ಪ್ರಶ್ನೆಗೆ ಅರ್ಥವಿರುವ ಉತ್ತರ ಸಿಗುತ್ತದೆ. ಕಾಯಿಲೆ ಇದೇ ಎಂದು ಖಚಿತವಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಅದು ಬರುವ ಸಂಭವ ನಾಲ್ಕರಲ್ಲಿ ಒಂದು, ಬಾರದಿರುವ ಸಂಭವ ನಾಲ್ಕರಲ್ಲಿ ಮೂರು. ಆಗ ಗರ್ಭನೀರಿನ ಪರೀಕ್ಷೆ ಬೇಕೋ ಬೇಡವೋ, ಬಂದ ಫಲಿತಾಂಶದ ಮೇಲೆ ಏನು ಮಾಡುವುದು ಎಂಬುದನ್ನು ನೀವು ಮತ್ತು ನಿಮ್ಮ ಯಜಮಾನರು ಕೂತು ಯೋಚಿಸಬಹುದು. ಖಚಿತವಾಗದಿದ್ದರೆ ಎಲ್ಲ ಬಸುರಿಯರಂತೆ 18ರಿಂದ 20 ವಾರದ ಸ್ಕ್ಯಾನ್ ಮಾಡಿಸಿ ಮುಂದುವರಿಯಿರಿ. ಎರಡು ದಾರಿಯಲ್ಲಿ ನೀವು ಯಾವುದನ್ನು ಹಿಡಿದರೂ ನಿಮ್ಮನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಅಜ್ಜಿಯ ಮಾತಿಗೆ ಬರೋಣ. ನಿಮ್ಮಪ್ಪನ ಕಡೆಯಿಂದ ಬಂದಿದ್ದು ಎನ್ನುತ್ತಾರಲ್ಲ, ಲೆಕ್ಕ ನೋಡಿ. ಮಗುವಿಗೆ ಎರಡು ಪ್ರತಿ, ಒಂದು ನಿಮ್ಮ ಯಜಮಾನರಿಂದ, ಒಂದು ನಿಮ್ಮಿಂದ. ಯಜಮಾನರಿಗೆ ಬಂದಿದ್ದು ಅವರ ತಂದೆ ತಾಯಿಯಲ್ಲಿ ಒಬ್ಬರಿಂದ, ಅಂದರೆ ನಿಮ್ಮ ತಾತನಿಂದಲೋ ಅಜ್ಜಿಯಿಂದಲೋ. ಇಷ್ಟು ವಿರಳವಾದ ಅದೇ ಬದಲಾವಣೆ ನಿಮ್ಮಲ್ಲೂ ಇದೆ ಎಂದರೆ, ಬಹುಮಟ್ಟಿಗೆ ಅದು ನಿಮ್ಮ ತಾಯಿಯ ಮೂಲಕ ಅದೇ ತಾತ ಅಜ್ಜಿಯಿಂದಲೇ ಇಳಿದಿದೆ. ಈ ದಾರಿಯಲ್ಲಿ ನಿಮ್ಮಪ್ಪ ಬರುವುದೇ ಇಲ್ಲ. ಇದನ್ನು ಹಿಡಿದುಕೊಂಡು ಅಜ್ಜಿಯ ಮೇಲೆ ತಿರುಗಿ ಬೀಳಬೇಡಿ ತಾಯಿ. ಭೂಮಿಯ ಮೇಲಿರುವ ಪ್ರತಿಯೊಬ್ಬರೂ ಇಂಥ ಒಂದೆರಡಾದರೂ ದೋಷಗಳನ್ನು ಒಂದು ಪ್ರತಿಯಾಗಿ ಹೊತ್ತಿರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಮಗಳ ಮಗಳನ್ನು ಸೊಸೆಯಾಗಿ ತಂದುಕೊಂಡಾಗ ಆಕೆ ಬಯಸಿದ್ದು ನೀವು ಕಣ್ಣೆದುರಿಗೇ ಇರಲಿ ಎಂದು. ಹಾಗೆ ತಂದದ್ದರಿಂದಲೇ ಹೀಗಾಯಿತೇನೋ ಎಂಬ ದಿಗಿಲು ಆಕೆಯನ್ನೂ ಕಾಡುತ್ತಿರಬಹುದು, ಆ ದಿಗಿಲೇ ನಿಮ್ಮಪ್ಪನ ಮೇಲಿನ ದೂರಾಗಿ ಹೊರಬರುತ್ತಿರಬಹುದು. ಆಸ್ಪತ್ರೆಗೆ ಹೋಗುವಾಗ ಆಕೆಯನ್ನೂ ಕರೆದುಕೊಂಡು ಹೋಗಿ. ಲೆಕ್ಕವನ್ನು ವೈದ್ಯರ ಬಾಯಿಂದ ಕೇಳಲಿ, ದೋಷ ಯಾರದೂ ಅಲ್ಲ ಎಂಬುದನ್ನೂ ಅವರಿಂದಲೇ ಕೇಳಲಿ.

ನಿಮ್ಮ ತಂಗಿಗೆ ಈಗ ಪರೀಕ್ಷೆ ಬೇಡ. ಅರ್ಥವೇ ಗೊತ್ತಿಲ್ಲದ ಬದಲಾವಣೆಯನ್ನು ಆರೋಗ್ಯವಾಗಿರುವ ಹುಡುಗಿಯಲ್ಲಿ ಹುಡುಕಿ, ‘ಇದೆ’ ಎಂದು ಬಂದರೆ ಅವಳಿಗೆ ಸಿಗುವುದು ಹಣೆಪಟ್ಟಿ ಮಾತ್ರ. ಮುಂದೆ ಕಾಯಿಲೆ ಖಚಿತವಾಯಿತು ಎಂದೇ ಇಟ್ಟುಕೊಳ್ಳಿ. ಆಗಲೂ ನಿಮ್ಮ ತಾಯಿಯಿಂದ ಅವಳಿಗೆ ಅದು ಬಂದಿರುವ ಸಂಭವ ಅರ್ಧಕ್ಕರ್ಧ. ಬಂದಿದ್ದರೂ ಅವಳ ಆರೋಗ್ಯಕ್ಕೆ ತೊಂದರೆಯಿಲ್ಲ. ಅವಳ ಮಕ್ಕಳಿಗೆ ಈ ಕಾಯಿಲೆ ಬರಬೇಕಾದರೆ ಗಂಡನಲ್ಲೂ ಅದೇ ಜೀನಿನಲ್ಲಿ ದೋಷವಿರಬೇಕು. ಹುಡುಗ ನಿಮಗೆ ನೆಂಟನಲ್ಲ ಎಂದಿದ್ದೀರಿ, ಹಾಗಾಗಿ ಆ ಸಂಭವ ಬಹಳ ಕಡಿಮೆ. ಅಷ್ಟಕ್ಕೂ ಆತಂಕವಿದ್ದರೆ ಮದುವೆಯಾದ ಮೇಲೆ ಮಕ್ಕಳಾಗುವ ಮುಂಚೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ಮಾಗಡಿಯವರಿಗೆ ಇದನ್ನು ನಿಮ್ಮ ತಂದೆ ಹೇಳುವುದಕ್ಕಿಂತ ಜೆನೆಟಿಕ್ ಕೌನ್ಸೆಲರ್ ಒಬ್ಬರು ಹೇಳಿದರೆ ಕಿವಿಗೆ ಬೀಳುತ್ತದೆ. ಹುಡುಗನೂ ನಿಮ್ಮ ತಂಗಿಯೂ ಜೊತೆಯಾಗಿ ಬಂದು ಕೇಳಲಿ. ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಹುಡುಗಿಯ ರಕ್ತವನ್ನೇ ಪರೀಕ್ಷಿಸಬೇಕೆಂದು ಹಟ ಹಿಡಿದರೆ, ಆ ಮನೆಯ ಬಗ್ಗೆ ನಿಮ್ಮ ತಂಗಿಯೇ ಯೋಚಿಸಲಿ.

ತಮ್ಮನಿಗೆ ನನ್ನದೊಂದು ಕೋರಿಕೆ. ಗುಂಪಿಗೆ ಹಾಕಿದ ವರದಿಯನ್ನು ಅಳಿಸಲಿ, ಬೇರೆಯವರು ಇಳಿಸಿಕೊಂಡಿದ್ದರೆ ಅವರಿಗೂ ಅಳಿಸಲು ಹೇಳಲಿ. ಅದು ಮಗುವೊಬ್ಬನ ವಿಷಯವಲ್ಲ, ನಿಮ್ಮ ತಂಗಿಯದೂ ತಾಯಿಯದೂ ಅದರೊಳಗೇ ಇದೆ. ‘ನಿಮ್ಮ ಡಿಎನ್‌ಎ ಹಾಕಿ, ನಾವು ವಿಶ್ಲೇಷಿಸುತ್ತೇವೆ’ ಎನ್ನುವ ವಿದೇಶಿ ತಾಣಗಳಿಗೆ ಮಗುವಿನ ಇಡೀ ಫೈಲನ್ನು ಏರಿಸುವುದು ಖಂಡಿತ ಬೇಡ. ಅಮೆರಿಕದ 23ಆ್ಯಂಡ್‌ಮಿ ಎಂಬ ಹೆಸರಾಂತ ಕಂಪನಿಯಿಂದ 2023ರಲ್ಲಿ 69 ಲಕ್ಷ ಜನರ ಮಾಹಿತಿ ಸೋರಿಹೋಯಿತು, 2025ರಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಒಂದು ಬದಲಾವಣೆಯ ಸಂಖ್ಯೆ ಹಾಕಿ ನೊಮ್ಯಾಡ್‌ನಲ್ಲೋ ಕ್ಲಿನ್‌ವಾರ್‌ನಲ್ಲೋ ಹುಡುಕುವುದರಿಂದ ಈ ಅಪಾಯವಿಲ್ಲ. ಹುಡುಗನಿಗೆ ಅಕ್ಕನ ಮೇಲೆ ಎಷ್ಟು ಪ್ರೀತಿ ಇದೆ ಎಂಬುದು ಆ ಸ್ಕ್ರೀನ್‌ಶಾಟ್‌ಗಳನ್ನು ನೋಡಿದರೇ ತಿಳಿಯುತ್ತದೆ, ಅವನನ್ನು ಬೈಯಬೇಡಿ. ಅವನಿಗೆ ಬೇರೊಂದು ಕೆಲಸ ಕೊಡಿ. ಲ್ಯಾಬಿಗೆ ಮೇಲ್ ಬರೆದು ಪರೀಕ್ಷೆಯ ಕಚ್ಚಾ ದತ್ತಾಂಶದ ಫೈಲುಗಳನ್ನು ತರಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ಜೋಪಾನವಾಗಿಡಲಿ, ಅವು ನಿಮ್ಮವು. ಒಂದೆರಡು ವರ್ಷಕ್ಕೊಮ್ಮೆ ಅದೇ ಫೈಲನ್ನು ಹೊಸ ಪಟ್ಟಿಗಳೊಂದಿಗೆ ಮತ್ತೆ ಹೋಲಿಸಿ ನೋಡಿ ಎಂದು ಲ್ಯಾಬನ್ನು ಕೇಳಲಿ. ಮತ್ತೆ ರಕ್ತ ಕೊಡಬೇಕಿಲ್ಲ, ಮರುಪರಿಶೀಲನೆಯಲ್ಲೇ ಉತ್ತರ ಸಿಕ್ಕ ಕುಟುಂಬಗಳು ಬೇಕಾದಷ್ಟಿವೆ. ಹೆಸರು ಊರು ಇಲ್ಲದೆ ಮಗುವಿನ ಬದಲಾವಣೆಯನ್ನೂ ಲಕ್ಷಣಗಳನ್ನೂ ಕ್ಲಿನ್‌ವಾರ್‌ಗೆ ಸೇರಿಸಲೇ ಎಂದು ವೈದ್ಯರು ಕೇಳಿದರೆ, ಮನಸ್ಸಿದ್ದರೆ ಒಪ್ಪಿಕೊಳ್ಳಿ. ನಮ್ಮವರು ಆ ಪಟ್ಟಿಗಳಲ್ಲಿ ಕಾಣಿಸಿಕೊಳ್ಳಲು ಅದೊಂದು ದಾರಿ, ನಾಳೆ ಹಾರೋಹಳ್ಳಿಯಲ್ಲೋ ಸಾತನೂರಿನಲ್ಲೋ ಇಂಥದೇ ಇನ್ನೊಂದು ಮಗುವಿಗೆ ಅದರಿಂದ ಉತ್ತರ ಬೇಗ ಸಿಗಬಹುದು.

ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳುತ್ತೇನೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಕನಕಪುರದಿಂದ ಹಾರೋಹಳ್ಳಿ, ಜಿಗಣಿ ಮೇಲೆ ಹಾದು ಹೋಗಬಹುದು. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಡಿ ಆ ಕೇಂದ್ರವನ್ನೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯನ್ನೂ ಜೋಡಿಯಾಗಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಿದ್ದಾರೆ. ಮಗನ ಕಾಯಿಲೆ ಆ ನೀತಿಯ ಪಟ್ಟಿಯಲ್ಲಿರುವುದೇ ಎಂದು ಖಚಿತವಾದರೆ, 50 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವಿಗೆ ಅರ್ಜಿ ಹೋಗುವುದೂ ಅಲ್ಲಿಂದಲೇ. ಅಲ್ಲಿಗೆ ಫೋನ್ ಮಾಡಿದಾಗ ಕಿಣ್ವದ ಪರೀಕ್ಷೆ ಬೇಕು ಎಂದು ಮೊದಲ ಮಾತಿನಲ್ಲೇ ಹೇಳಿ, ಗರ್ಭಿಣಿ ಎಂಬುದನ್ನೂ ಎಷ್ಟು ವಾರ ಎಂಬುದನ್ನೂ ಹೇಳಿ. ಆಗ ದಿನ ಬೇಗ ಕೊಡುತ್ತಾರೆ.

ಇದೆಲ್ಲ ನಡೆಯುವಾಗ ಮಗನ ಫಿಸಿಯೋಥೆರಪಿ ಒಂದು ವಾರವೂ ತಪ್ಪಬಾರದು, ಫಿಟ್ಸಿನ ಔಷಧವನ್ನು ನೀವಾಗಿ ನಿಲ್ಲಿಸಬಾರದು. ಕಾಯಿಲೆಯ ಹೆಸರು ಸಿಗುವವರೆಗೆ ಮಗುವಿನ ಬೆಳವಣಿಗೆ ಕಾಯುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಆರಂಭಿಕ ಚಿಕಿತ್ಸಾ ಕೇಂದ್ರದ ಬಗ್ಗೆ ವಿಚಾರಿಸಿ, ಬೆಂಗಳೂರಿಗೆ ವಾರ ವಾರ ಅಲೆಯುವುದು ತಪ್ಪಬಹುದು. ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡಿಗೆ ಈಗಲೇ ಅರ್ಜಿ ಹಾಕಿ. ವೈದ್ಯರು ಕೊಡುವ ಪ್ರಮಾಣಪತ್ರದಲ್ಲಿ ಬೌದ್ಧಿಕ ಅಥವಾ ಬಹುವಿಧ ವೈಕಲ್ಯ ಎಂದಿದ್ದರೆ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ.

ಹೊರಡುವಾಗ ಜೀನ್ ವರದಿಯ ಎಲ್ಲ ಪುಟಗಳು, ಮಗನ ತಾಯಿ ಕಾರ್ಡು, ಎಂಆರ್‌ಐ ಮತ್ತು ಇಇಜಿ ಆಗಿದ್ದರೆ ಅವು, ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದ ವಿಡಿಯೋ, ನಿಮ್ಮ ಈ ಬಸಿರಿನ ಸ್ಕ್ಯಾನ್, ಇಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ. ತಾತ ಅಜ್ಜಿಯಿಂದ ಹಿಡಿದು ಮೂರು ತಲೆಮಾರಿನವರ ಹೆಸರು, ಎಳೆವಯಸ್ಸಿನಲ್ಲೇ ತೀರಿಕೊಂಡ ಮಕ್ಕಳಿದ್ದರೆ ಅವರನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಜ್ಜಿಯನ್ನು ಕೇಳಿಯೇ ಬರೆಯಿರಿ, ಅಷ್ಟನ್ನು ನೆನಪಿಟ್ಟವರು ಮನೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ಗೆ ಫೋನನ್ನು ಈ ವಾರವೇ ಮಾಡಿ.